ವರ್ಜೀನಿಯಾ ವಿಶ್ವವಿದ್ಯಾನಿಲಯದ ಮಾನಪದ್ಧತಿ

ಪರೀಕ್ಷಾಮಂದಿರವೆಂದೊಡನೆ ಕನ್ನಡನಾಡಿನ ವಿದ್ಯಾರ್ಥಿಯ ಕಣ್ಣಮುಂದೆ ನಿಲ್ಲುವ ಚಿತ್ರದಲ್ಲಿ ಸಾಲುಸಾಲಾದ ಮೇಜುಗಳೊಡನೆ, ಅವುಗಳ ನಡುವೆ ಸುಳಿದಾಡುವ ಕೊಠಡಿ ಮೇಲ್ವಿಚಾರಕನೂ, ಯಾವ ಗಳಿಗೆಯಲ್ಲಾದರೂ ಬಾಗಿಲಲ್ಲಿ ಕಾಣಿಸಿಕೊಳ್ಳಬಹುದಾದ ಜಾಗೃತ ದಳದವರೂ ತಪ್ಪದೆ ಇರುತ್ತಾರೆ. ೧೮೫೭ ರಲ್ಲಿ ಕಲ್ಕತ್ತೆ, ಮುಂಬಯಿ, ಮದರಾಸುಗಳಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯಗಳು ಲಂಡನ್ ವಿಶ್ವವಿದ್ಯಾನಿಲಯದ ಮಾದರಿಯಲ್ಲಿ ಮುಖ್ಯವಾಗಿ ಪರೀಕ್ಷೆ ನಡೆಸುವ ಸಂಸ್ಥೆಗಳಾಗಿಯೇ ಹುಟ್ಟಿದುದರಿಂದ, ಪರೀಕ್ಷೆಯೊಡನೆ ಕಾವಲೂ ಇಲ್ಲಿ ಬೇರೂರಿತು. ಕಾವಲಿಲ್ಲದ ಪರೀಕ್ಷೆ ಬೇಲಿಯಿಲ್ಲದ ಹೊಲವೆಂಬುದೇ ಸಾಮಾನ್ಯವಾದ ಅಭಿಪ್ರಾಯ. ಆದರೆ ಅದಕ್ಕೆ ಹದಿನೈದು ವರ್ಷಗಳ ಹಿಂದೆಯೇ, ಅಮೆರಿಕಾ ಸಂಯುಕ್ತ ಸಂಸ್ಥಾನಗಳ ವರ್ಜೀನಿಯಾ ವಿಶ್ವವಿದ್ಯಾನಿಲಯದಲ್ಲಿ ಬೇರೊಂದು ಏರ್ಪಾಡು ಮೊದಲಾಗಿದ್ದಿತು. ವಿದ್ಯಾರ್ಥಿಯು ಉತ್ತರಗಳನ್ನು ಬರೆದು ಮುಗಿಸಿ, ತಾನು ಯಾರ ನೆರವನ್ನೂ ಪಡೆಯಲಿಲ್ಲವೆಂದು ತನ್ನ ಮಾನದ ಮೇಲೆ ಬರೆದು ರುಜು ಹಾಕತಕ್ಕದ್ದು. ಆ ಬರಹವನ್ನು ಉಪಾಧ್ಯಾಯರು ನಂಬತಕ್ಕದ್ದು. ಅಲ್ಲಿ ‘ಆನರ್ ಸಿಸ್ಟಂ’ ಎಂದು ಕರೆಯಲ್ಪಡುವ ಈ ಏರ್ಪಾಡು ಹೇಗೆ ಹುಟ್ಟಿತು, ಯಾವುದರ ಆಧಾರದಿಂದ ನಿಂತಿತು, ಎಲ್ಲಿ ಕುಸಿಯಿತು ಎಂಬುದು ವಿಚಾರಾರ್ಹವಾದ ವಿಷಯ.

ಮೊದಲು ಪದದ ವಿಚಾರ. ‘ಆನರ್’ ಎಂಬುದಕ್ಕೆ ಕನ್ನಡದಲ್ಲಿ ಗೌರವ, ಮರ್ಯಾದೆ, ಮಾನ ಎಂಬ ಮಾತುಗಳಿವೆ. ಗೌರವವು ಇತರರು ಕೊಡುವಂಥದು. ಮರ್ಯಾದೆಯಲ್ಲಿ ಮೀರಬಾರದ ಎಲ್ಲೆಯೆಂಬ ಅರ್ಥ ಮುಂದಾಗಿ ನಿಲ್ಲುತ್ತದೆ. ಮಾನವೆಂಬುದು ಹೋದರೆ ಪ್ರಾಣಹೋದುದಕ್ಕಿಂತ ಹೆಚ್ಚೆಂದು ಮನುಷ್ಯನು ತಾನೇ ಎಣಿಸುವಂಥದು. ಆದುದರಿಂದ ಇಲ್ಲಿ ‘ಮಾನಪದ್ಧತಿ’ ಎಂಬ ಹೆಸರನ್ನೇ ಇಟ್ಟುಕೊಳ್ಳಲಾಗಿದೆ. ಕೊಟ್ಟ ಮಾತೇ ಕಾವಲಾಗಬಹುದೆಂಬ ಭಾವನೆ ಕನ್ನಡಿಗರಿಗೆ ಹೊಸತಲ್ಲ. ‘ಭಾಷೆ’ ಎಂಬ ಪದಕ್ಕೇ ನುಡಿಯೆಂಬ ಅರ್ಥದೊಡನೆ ಪ್ರತಿಜ್ಞೆಯೆಂಬ ಅರ್ಥವೂ ಉಂಟು. ಪುಣ್ಯಕೋಟಿಯ ಕಥೆಯಲ್ಲಿ ಹುಲಿಯು ಹಸುವನ್ನು ಮನೆಗೆ ಬಿಟ್ಟುಕೊಟ್ಟದ್ದು ಬರಿಯ ಭಾಷೆಯ ಮೇಲೆಯೇ. ಆದರೆ ಮಾನಕ್ಕೆ ಇನ್ನೊಂದು ಮುಖವೂ ಇದೆ. ಹಳೆಗನ್ನಡ ಕಾವ್ಯಗಳಲ್ಲಿ ಬರುವ ಜೋಳವಾಳಿ ವೇಳೆವಾಳಿಗಳು ವೀರವರ್ಗದವರ ಧರ್ಮಗಳೇ ಹೊರತು ಎಲ್ಲರಿಗೂ ಸಂದವುಗಳಲ್ಲ. ಅವು ಯಾರ ಋಣಕ್ಕೆ, ಯಾರ ಪರವಾಗಿ ಎಂಬುದರ ಮೇಲೆ ನಿಂತಿದ್ದುವು. ವರ್ಜೀನಿಯದ ಮಾನವೂ ಅದೇ ಜಾತಿಯದು.

ವರ್ಜೀನಿಯಾ ವಿಶ್ವವಿದ್ಯಾನಿಲಯವು ೧೮೧೯ ರಲ್ಲಿ ಸ್ಥಾಪಿತವಾಗಿ ೧೮೨೫ ರ ಮಾರ್ಚಿಯಲ್ಲಿ ಪಾಠಗಳನ್ನು ಮೊದಲುಮಾಡಿತು. ಅದರ ಸ್ಥಾಪಕನು ಸಂಯುಕ್ತ ಸಂಸ್ಥಾನಗಳ ಮೂರನೆಯ ಅಧ್ಯಕ್ಷನಾಗಿದ್ದ ಥಾಮಸ್ ಜೆಫರ್ಸನ್. ಕಟ್ಟಡಗಳ ನಕ್ಷೆಯಿಂದ ಮೊದಲುಗೊಂಡು ಪಾಠಕ್ರಮದವರೆಗೆ ಎಲ್ಲವೂ ಅವನ ಕೈಯ ಕೆಲಸವೇ. ಯುವಕರನ್ನು ಭಯದಿಂದ ಆಳುವುದು ತರವಲ್ಲ, ಅವರ ವಿವೇಕವನ್ನೂ ಸ್ವಾಭಿಮಾನವನ್ನೂ ನಂಬಿ ಅವರ ಶಿಸ್ತನ್ನು ಬಹುಮಟ್ಟಿಗೆ ಅವರಿಗೇ ಬಿಡಬೇಕೆಂಬುದು ಅವನ ಮತ. ವಿದ್ಯಾರ್ಥಿಗಳಿಂದಲೇ ಕೂಡಿದ ಒಂದು ವಿಚಾರಣಾಮಂಡಲಿಯು ತಪ್ಪುಮಾಡಿದವರನ್ನು ವಿಚಾರಿಸಬೇಕೆಂದೂ ಅವನು ಯೋಚಿಸಿದ್ದನು.

ಆ ನಂಬಿಕೆಯ ಪರೀಕ್ಷೆಗೆ ಏಳು ತಿಂಗಳೂ ಹಿಡಿಯಲಿಲ್ಲ. ೧೮೨೫ ರ ಶರತ್ಕಾಲದ ಒಂದು ರಾತ್ರಿ ಮುಸುಕುಹಾಕಿದ ವಿದ್ಯಾರ್ಥಿಗಳ ಗುಂಪೊಂದು ಯೂರೋಪಿನಿಂದ ಬಂದ ಪ್ರಾಧ್ಯಾಪಕರಿಗೆ ಧಿಕ್ಕಾರ ಕೂಗುತ್ತ ಗದ್ದಲವೆಬ್ಬಿಸಿತು. ತಡೆಯಹೋದ ಇಬ್ಬರು ಪ್ರಾಧ್ಯಾಪಕರ ಮೇಲೆ ಕೈಮಾಡಿದುದೂ ಆಯಿತು. ಮಾರನೆಯ ದಿನ ತಪ್ಪಿತಸ್ಥರ ಹೆಸರನ್ನು ಹೇಳಬೇಕೆಂದು ಕೇಳಿದಾಗ, ವಿದ್ಯಾರ್ಥಿಗಳಲ್ಲಿ ಅರುವತ್ತಕ್ಕೂ ಹೆಚ್ಚು ಮಂದಿ ಒಟ್ಟಾಗಿ ಒಂದು ಪತ್ರಕ್ಕೆ ರುಜು ಹಾಕಿ, ಜೊತೆಗಾರರ ಮೇಲೆ ಚಾಡಿ ಹೇಳುವುದು ತಮ್ಮ ಮಾನಕ್ಕೆ ಕುಂದೆಂದು ನಿರಾಕರಿಸಿದರು. ಆಗ ವಿಶ್ವವಿದ್ಯಾನಿಲಯದಲ್ಲಿದ್ದವರು ನೂರಕ್ಕೆ ಸ್ವಲ್ಪ ಮೇಲ್ಪಟ್ಟ ವಿದ್ಯಾರ್ಥಿಗಳು ಮಾತ್ರ. ಆಡಳಿತಮಂಡಲಿಯು ಸಭೆ ಸೇರಿತು. ಜೆಫರ್ಸನ್ನನ ಪಕ್ಕದಲ್ಲಿ ಮ್ಯಾಡಿಸನ್ ಸಹ ಕುಳಿತಿದ್ದನು. ಎಂಬತ್ತೆರಡು ವರ್ಷದ ಮುದುಕನಾದ ಜೆಫರ್ಸನ್ ಎದ್ದುನಿಂತು, ತನ್ನ ಜೀವನದ ಅತಿ ದುಃಖಕರವಾದ ಸಂದರ್ಭಗಳಲ್ಲಿ ಇದೊಂದೆಂದು ಆರಂಭಿಸಿ, ಗಂಟಲು ಕಟ್ಟಿ ಮುಂದೆ ಮಾತನಾಡಲಾರದೆ ಕುಳಿತುಬಿಟ್ಟನೆಂದು ಹೇಳುತ್ತಾರೆ. ಅದನ್ನು ಕಂಡು ಕರಗಿದ ತಪ್ಪಿತಸ್ಥರು ತಾವಾಗಿಯೇ ಮುಂದೆ ಬಂದು ಒಪ್ಪಿಕೊಂಡರು. ಹೊರಹಾಕಲ್ಪಟ್ಟವರಲ್ಲಿ ಜೆಫರ್ಸನ್ನನ ಸ್ವಂತ ಸಂಬಂಧಿಯೊಬ್ಬನೂ ಇದ್ದನು.

ಈ ಪ್ರಸಂಗದಲ್ಲಿ ಗಮನಿಸಬೇಕಾದುದು ಗದ್ದಲವನ್ನಲ್ಲ, ಆ ರುಜುಗಳನ್ನು. ವಿದ್ಯಾರ್ಥಿಗಳಲ್ಲಿ ಮಾನವಿರಲಿಲ್ಲವೆಂದಲ್ಲ, ಬೇಕಾದಷ್ಟಿತ್ತು. ಆದರೆ ಅದು ಉಪಾಧ್ಯಾಯರಿಗೆ ಎದುರಾಗಿ ವಿದ್ಯಾರ್ಥಿಗಳನ್ನು ಒಂದುಗೂಡಿಸುವ ಮಾನ. ಜೊತೆಗಾರನನ್ನು ಹಿಡಿದುಕೊಡದಿರುವುದೇ ಅದರ ಮೊದಲನೆಯ ಸೂತ್ರ. ಅದನ್ನು ಮುರಿಯಲೆಂದು ಮುಂದಿನ ಹದಿನೈದು ವರ್ಷಗಳಲ್ಲಿ ಒಂದರಮೇಲೊಂದು ಕಟ್ಟಲೆಗಳು ಬಂದುವು. ನಸುಕಿಗೆ ಮೊದಲೇ ಏಳಬೇಕು. ಗೊತ್ತಾದ ಬಣ್ಣದ ಸಮವಸ್ತ್ರವನ್ನೇ ತೊಡಬೇಕು. ಕೈಯಲ್ಲಿ ಹಣವಿಟ್ಟುಕೊಳ್ಳದೆ ವಿಶ್ವವಿದ್ಯಾನಿಲಯದ ಅಧಿಕಾರಿಯಲ್ಲಿ ಒಪ್ಪಿಸಬೇಕು. ತೋಟದ ಒಡೆಯರ ಮಕ್ಕಳಾಗಿ, ಹುಟ್ಟಿನಿಂದ ಅಪ್ಪಣೆ ಕೊಟ್ಟೇ ಬೆಳೆದ ಈ ಯುವಕರಿಗೆ ಅಪ್ಪಣೆ ಕೇಳುವುದು ಬಲುಕಷ್ಟವಾಯಿತು. ಕುಡಿತ, ಜೂಜು, ಪಿಸ್ತೂಲು, ದ್ವಂದ್ವಯುದ್ಧದ ಸವಾಲು ಇವು ನಿತ್ಯದ ಸುದ್ದಿಗಳಾದುವು.

೧೮೩೬ ರ ನವೆಂಬರಿನಲ್ಲಿ ವಿದ್ಯಾರ್ಥಿಗಳ ಸೈನಿಕದಳವೊಂದರ ವಿಷಯವಾಗಿ ದೊಡ್ಡ ಗಲಭೆಯೇ ನಡೆಯಿತು. ಅದರ ನೆನಪಿಗಾಗಿ ವರ್ಷವರ್ಷವೂ ಅದೇ ದಿನ ಗದ್ದಲಮಾಡುವುದು ವಾಡಿಕೆಯಾಯಿತು. ೧೮೪೦ ರ ನವೆಂಬರ್ ೧೨ ರ ರಾತ್ರಿ ಮುಸುಕಿನ ಇಬ್ಬರು ಪಿಸ್ತೂಲು ಹಾರಿಸುತ್ತ ಅಂಗಳದಲ್ಲಿ ತಿರುಗುತ್ತಿದ್ದಾಗ, ಆ ಕಾಲಕ್ಕೆ ಪ್ರಾಧ್ಯಾಪಕವರ್ಗದ ಅಧ್ಯಕ್ಷನಾಗಿದ್ದ ನ್ಯಾಯಶಾಸ್ತ್ರದ ಪ್ರಾಧ್ಯಾಪಕ ಜಾನ್ ಡೇವಿಸ್ ತನ್ನ ಮನೆಯಿಂದ ಹೊರಗೆ ಬಂದು ಒಬ್ಬನ ಮುಸುಕನ್ನು ಎಳೆಯಹೋದನು. ಆ ಯುವಕನು ಸ್ವಲ್ಪ ಹಿಂದೆ ಸರಿದು ಗುಂಡು ಹಾರಿಸಿದನು. ಎರಡು ದಿನಗಳ ಮೇಲೆ ಡೇವಿಸ್ ತೀರಿಕೊಂಡನು. ಸಾಯುವವರೆಗೂ ಹೊಡೆದವನ ಹೆಸರನ್ನು ಅವನು ಹೇಳಲಿಲ್ಲ. ಈ ಸಲ ವಿದ್ಯಾರ್ಥಿಗಳು ಬಾಯಿ ಮುಚ್ಚಿಕೊಳ್ಳಲಿಲ್ಲ. ಅವರೇ ಹುಡುಕಹೊರಟು, ಕಾಡಿನಲ್ಲಿ ಅಡಗಿದ್ದವನನ್ನು ಹಿಡಿಯಲು ನೆರವಾದರು. ಭಾರಿ ಜಾಮೀನಿನ ಮೇಲೆ ಬಿಡುಗಡೆ ಹೊಂದಿದ ಆತನು ವಿಚಾರಣೆಗೆ ಬಾರದೆ ಓಡಿಹೋದದ್ದು ಬೇರೆ ಮಾತು.

ಡೇವಿಸನ ಸ್ಥಾನಕ್ಕೆ ಬಂದವನು ಹೆನ್ರಿ ಸೇಂಟ್ ಜಾರ್ಜ್ ಟಕರ್. ಅವನು ಅದಕ್ಕೆ ಮೊದಲು ವರ್ಜೀನಿಯದ ಅತ್ಯುನ್ನತ ನ್ಯಾಯಸ್ಥಾನದ ಅಧ್ಯಕ್ಷನಾಗಿದ್ದು ಮಾತಿನ ಬೆಲೆಯನ್ನೂ ಆಣೆಯ ದೌರ್ಬಲ್ಯವನ್ನೂ ಚೆನ್ನಾಗಿ ಬಲ್ಲವನು. ೧೮೪೨ ರ ಜುಲೈ ೪ ರಂದು ಅವನ ಸೂಚನೆಯ ಮೇಲೆ ಪ್ರಾಧ್ಯಾಪಕರು ಒಂದು ನಿರ್ಣಯವನ್ನು ಅಂಗೀಕರಿಸಿದರು. ಇನ್ನು ಮುಂದೆ ಬರಹದ ಪರೀಕ್ಷೆಗಳಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ, ಬಾಯಿಮಾತಿನಿಂದಾಗಲಿ ಬರಹದಿಂದಾಗಲಿ ಅಚ್ಚಿನ ಪುಸ್ತಕದಿಂದಾಗಲಿ ತಾನು ಯಾವ ಸಹಾಯವನ್ನೂ ಪಡೆಯಲಿಲ್ಲವೆಂದು ಮಾನದ ಮೇಲೆ ಪ್ರಮಾಣೀಕರಿಸಬೇಕೆಂಬುದೇ ಅದರ ಸಾರಾಂಶ. ಸಹಾಯವನ್ನು ಕೊಡಲೂ ಇಲ್ಲವೆಂಬ ಮಾತು ಅನಂತರ ಸೇರಿತು.

ಡೇವಿಸನ ರಕ್ತದಿಂದಲೇ ಮಾನಪದ್ಧತಿ ಹುಟ್ಟಿತೆಂದು ಅಲ್ಲಿನ ವಿದ್ಯಾರ್ಥಿಗಳು ತಲೆತಲಾಂತರದಿಂದ ಹೇಳಿಕೊಂಡು ಬಂದಿದ್ದಾರೆ. ಕಥೆ ಚೆನ್ನಾಗಿದೆ, ಆದರೆ ಕೊಲೆಗೂ ನಿರ್ಣಯಕ್ಕೂ ನಡುವೆ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಕಳೆದಿತ್ತೆಂಬುದನ್ನೂ, ನಿರ್ಣಯವು ಪರೀಕ್ಷೆಗೆ ಸಂಬಂಧಪಟ್ಟದ್ದೇ ಹೊರತು ಪಿಸ್ತೂಲಿಗಲ್ಲವೆಂಬುದನ್ನೂ ಮರೆಯಲಾಗದು. ಹದಿನೈದು ವರ್ಷಗಳ ಕಟ್ಟಲೆಯಿಂದ ಸಾಧ್ಯವಾಗದುದನ್ನು ಸಂಧಾನದಿಂದ ಪಡೆಯಲು ಪ್ರಾಧ್ಯಾಪಕರು ಯತ್ನಿಸಿದರೆಂದು ಹೇಳುವುದೇ ಹೆಚ್ಚು ಸಮಂಜಸ. ಟಕರನು ಹೊಸ ಗುಣವೊಂದನ್ನು ಬೋಧಿಸಲಿಲ್ಲ. ವಿದ್ಯಾರ್ಥಿಗಳಲ್ಲಿ ಆಗಲೇ ಇದ್ದ ಮಾನದ ಮುಖವನ್ನು ತಿರುಗಿಸಿದನು. ನೆರವು ಪಡೆದಿಲ್ಲವೆಂದು ಬರೆದು ನೆರವು ಪಡೆದವನು ಈಗ ಉಪಾಧ್ಯಾಯನನ್ನು ವಂಚಿಸಿದ ಜಾಣನಲ್ಲ, ಸಂಭಾವಿತನೆಂಬ ಹೆಸರಿಗೆ ಮಸಿ ಬಳಿದ ಸುಳ್ಳುಗಾರ. ಅವನೊಡನೆ ಇರುವುದು ಉಳಿದವರಿಗೆ ಅವಮಾನ. ಆದುದರಿಂದ ಅವನನ್ನು ಹೊರಡಿಸುವ ಕೆಲಸವನ್ನು ಕಾಲಕ್ರಮದಲ್ಲಿ ವಿದ್ಯಾರ್ಥಿಗಳೇ ವಹಿಸಿಕೊಂಡರು. ೧೮೨೫ ರಲ್ಲಿ ಚಾಡಿಯೆನಿಸಿದ್ದುದು ಕರ್ತವ್ಯವಾಯಿತು.

ಈ ಮಾನ ಯಾರದು ಎಂಬ ಪ್ರಶ್ನೆಯನ್ನು ಆ ವಿಶ್ವವಿದ್ಯಾನಿಲಯದ ಹಳೆಯ ಚರಿತ್ರೆಕಾರರು ಹೆಚ್ಚಾಗಿ ಕೇಳಲಿಲ್ಲ. ಆ ಕಟ್ಟಡಗಳನ್ನು ಕಟ್ಟುವುದರಲ್ಲಿ ದುಡಿದವರು, ವಿದ್ಯಾರ್ಥಿಗಳ ಕೊಠಡಿ ಗುಡಿಸಿ ನೀರು ಸೌದೆ ಹೊತ್ತವರು ಗುಲಾಮರು. ವರ್ಜೀನಿಯದ ಕಾನೂನಿನ ಪ್ರಕಾರ ಕರಿಯನೊಬ್ಬನು ಬಿಳಿಯನ ವಿರುದ್ಧವಾಗಿ ನ್ಯಾಯಸ್ಥಾನದಲ್ಲಿ ಸಾಕ್ಷಿ ಹೇಳುವಂತಿರಲಿಲ್ಲ. ಒಬ್ಬನ ಮಾತು ಪ್ರಮಾಣವಾದ ಅಂಗಳದಲ್ಲಿಯೇ ಇನ್ನೊಬ್ಬನ ಮಾತು ಮಾತೇ ಆಗಿರಲಿಲ್ಲ. ವಿದ್ಯಾರ್ಥಿಗಳು ಗುಲಾಮರನ್ನು ಹೊಡೆದು ಹಿಂಸಿಸಿದ ಪ್ರಸಂಗಗಳು ಅಂದಿನ ದಾಖಲೆಗಳಲ್ಲಿ ಸಿಕ್ಕುತ್ತವೆ. ಪರೀಕ್ಷೆಯಲ್ಲಿ ನೆರೆಯವನ ಹಾಳೆ ನೋಡುವುದು ಹೋಗಲಾಡಿಸುವ ಸಂಭಾವಿತತನವು ಇವುಗಳಿಂದ ಹೋಗುವುದೆಂದು ಆ ಸಮಾಜ ಎಣಿಸಿರಲಿಲ್ಲ. ಮಾನಪದ್ಧತಿಯು ಸುಲಭವಾಗಿ ನಡೆದುದಕ್ಕೆ ಒಂದು ಕಾರಣವನ್ನು ಇಲ್ಲಿಯೇ ಹುಡುಕಬೇಕು. ಒಂದೇ ವರ್ಗದ, ಒಬ್ಬರ ಮನೆತನವನ್ನೊಬ್ಬರು ಬಲ್ಲ ಕೆಲವು ನೂರು ಮಂದಿ ಗಂಡಸರ ನಡುವೆ ಮಾನಹಾನಿಯೆಂಬುದು ಊರಿಗೆ ಊರೇ ತಿಳಿಯುವ ಮಾತು. ಕರಿಯ ವಿದ್ಯಾರ್ಥಿಯೊಬ್ಬನು, ಅದೂ ನ್ಯಾಯಸ್ಥಾನದ ಆಜ್ಞೆಯಿಂದ, ನ್ಯಾಯಶಾಸ್ತ್ರ ಶಾಲೆಗೆ ಸೇರಿದುದು ೧೯೫೦ ರಲ್ಲಿ. ಹೆಂಗಸರಿಗೆ ಎಲ್ಲ ತರಗತಿಗಳೂ ತೆರೆದುದು ೧೯೭೦ ರಲ್ಲಿ.

ವರ್ಜೀನಿಯದಿಂದ ಈ ಪದ್ಧತಿ ಇತರ ಕಡೆಗಳಿಗೆ ಹಬ್ಬಿತು. ಪ್ರಿನ್ಸ್‌ಟನ್ನಿನಲ್ಲಿ ೧೮೯೩ ರಲ್ಲಿ ವಿದ್ಯಾರ್ಥಿಗಳ ಪ್ರಯತ್ನದಿಂದಲೇ ಇದು ಆರಂಭವಾಗಿ ಪ್ರಾಧ್ಯಾಪಕರು ಪರೀಕ್ಷಾಮಂದಿರವನ್ನು ಬಿಟ್ಟು ಹೊರಗೆ ನಡೆದರು. ವರ್ಜೀನಿಯದಲ್ಲಿ ನ್ಯಾಯಶಾಸ್ತ್ರ ಓದಿದ್ದ, ಮುಂದೆ ಸಂಯುಕ್ತ ಸಂಸ್ಥಾನಗಳ ಅಧ್ಯಕ್ಷನಾದ ವುಡ್ರೋ ವಿಲ್ಸನ್ ಆಗ ಅಲ್ಲಿ ಪ್ರಾಧ್ಯಾಪಕ. ಸ್ಟ್ಯಾನ್‌ಫರ್ಡಿನಲ್ಲಿ ೧೯೨೧ ರಲ್ಲಿ ಬಂದಿತು. ಪ್ರತಿಯೊಂದು ಕಡೆಯ ವಿವರಗಳು ಬೇರೆ. ಮೂಲದ ಒಪ್ಪಂದ ಒಂದೇ.

ಇಪ್ಪತ್ತನೆಯ ಶತಮಾನದಲ್ಲಿ ವರ್ಜೀನಿಯದ ಪದ್ಧತಿ ತಳೆದ ರೂಪ ಹೀಗೆ. ಸುಳ್ಳು ಹೇಳುವುದು, ವಂಚಿಸುವುದು, ಕದಿಯುವುದು ಎಂಬ ಮೂರು ಅಪರಾಧಗಳು. ಆರೋಪ ಬಂದರೆ ತನಿಖೆ ಮಾಡುವವರು ವಿದ್ಯಾರ್ಥಿಗಳು, ವಾದಿಸುವವರು ವಿದ್ಯಾರ್ಥಿಗಳು, ತೀರ್ಪು ಕೊಡುವವರೂ ವಿದ್ಯಾರ್ಥಿಗಳೇ. ಪ್ರಾಧ್ಯಾಪಕನು ಸಾಕ್ಷಿ ಮಾತ್ರ. ಕೃತ್ಯ ನಡೆಯಿತೆ, ಅಪರಾಧವೆಂದು ತಿಳಿದು ನಡೆಯಿತೆ, ಅದು ಪದ್ಧತಿಗೆ ಧಕ್ಕೆ ತರುವಷ್ಟು ದೊಡ್ಡದೆ ಎಂಬ ಮೂರು ಪ್ರಶ್ನೆಗಳಿಗೂ ಹೌದೆಂದು ಉತ್ತರ ಬಂದರೆ ಶಿಕ್ಷೆ ಒಂದೇ: ಶಾಶ್ವತವಾದ ಬಹಿಷ್ಕಾರ. ಹೆಚ್ಚಿಲ್ಲ, ಕಡಮೆಯಿಲ್ಲ. ಸಂಶಯ ಹುಟ್ಟುವುದಕ್ಕೆ ಮೊದಲೇ ತಾನಾಗಿ ಬಂದು ತಪ್ಪೊಪ್ಪಿಕೊಂಡವನಿಗೆ ಮಾತ್ರ ಬಿಡುಗಡೆಯುಂಟು. ಇದು ಈ ಪದ್ಧತಿಯ ಅತಿ ಸುಂದರವಾದ ಭಾಗ. ಜೆಫರ್ಸನ್ನನ ಮುಂದೆ ಎದ್ದುಬಂದ ಹುಡುಗರ ನೆನಪು ಇದರಲ್ಲಿ ಉಳಿದಿದೆಯೆನ್ನಿಸುತ್ತದೆ.

ಮಾನವನ್ನು ಕಾವಲಿಟ್ಟ ಮಾತ್ರಕ್ಕೆ ನಕಲು ಕಡಮೆಯಾಗುವುದೇ? ೧೯೬೪ ರಲ್ಲಿ ವಿಲಿಯಂ ಬವರ್ಸ್ ೯೯ ಕಾಲೇಜುಗಳ ವಿದ್ಯಾರ್ಥಿಗಳನ್ನು ವಿಚಾರಿಸಿ ಒಂದು ದೊಡ್ಡ ವರದಿಯನ್ನು ಪ್ರಕಟಿಸಿದನು. ೧೯೯೩ ರಲ್ಲಿ ಡೊನಾಲ್ಡ್ ಮೆಕೇಬ್ ಮತ್ತು ಲಿಂಡಾ ಟ್ರೆವೀನೊ ಎಂಬವರು ೩೧ ಸಂಸ್ಥೆಗಳ ೬೦೦೦ ಕ್ಕೂ ಹೆಚ್ಚು ವಿದ್ಯಾರ್ಥಿಗಳಿಂದ ಉತ್ತರ ಪಡೆದು ಬರೆದ ಲೇಖನದಲ್ಲಿ, ಮಾನಪದ್ಧತಿಯಿರುವ ಸಂಸ್ಥೆಗಳಲ್ಲಿ ನಕಲು ಕಡಮೆಯೆಂದು ಕಂಡುಬಂತು. ಆದರೆ ಅದೇ ಲೇಖನದ ಇನ್ನೊಂದು ಫಲಿತಾಂಶ ಹೆಚ್ಚು ಬೆಲೆಯುಳ್ಳದ್ದು. ವಿದ್ಯಾರ್ಥಿಯ ನಡತೆಯ ಮೇಲೆ ಎಲ್ಲಕ್ಕಿಂತ ಬಲವಾದ ಪ್ರಭಾವ ಬೀರುವುದು ಶಿಕ್ಷೆಯ ಭಯವಲ್ಲ, ಜೊತೆಗಾರರು ಏನು ಮಾಡುತ್ತಿದ್ದಾರೆಂಬ ತಿಳಿವಳಿಕೆ. ಹಾಗೆಂದ ಮೇಲೆ ಜೊತೆಗಾರರನ್ನು ನಂಬಲು ಕಾರಣ ತಪ್ಪಿದೊಡನೆ ಪದ್ಧತಿ ಒಳಗಿನಿಂದಲೇ ಟೊಳ್ಳಾಗುವುದೂ ಅಷ್ಟೇ ನಿಶ್ಚಯ. ವೆಸ್ಟ್ ಪಾಯಿಂಟಿನ ಸೈನಿಕ ವಿದ್ಯಾಲಯವು ಇದಕ್ಕೆ ನಿದರ್ಶನ. ಅಲ್ಲಿನ ನಿಬಂಧನೆಯಂತೆ ವಂಚಿಸುವುದಷ್ಟೇ ಅಲ್ಲ, ವಂಚಕನನ್ನು ಸಹಿಸುವುದೂ ಅಪರಾಧ. ಆದರೂ ೧೯೭೬ ರಲ್ಲಿ ಮನೆಗೆ ಕೊಟ್ಟ ವಿದ್ಯುಚ್ಛಾಸ್ತ್ರದ ಒಂದು ಅಭ್ಯಾಸದಲ್ಲಿ ಕೂಡಿ ಬರೆದುದಕ್ಕಾಗಿ ನೂರೈವತ್ತಕ್ಕೂ ಹೆಚ್ಚು ಸೈನಿಕ ವಿದ್ಯಾರ್ಥಿಗಳು ಹೊರಹೋಗಬೇಕಾಯಿತು. ವಿಚಾರಣೆಗೆ ನೇಮಕವಾದ ಸಮಿತಿಯು ತಪ್ಪನ್ನು ವಿದ್ಯಾರ್ಥಿಗಳ ಮೇಲೆ ಮಾತ್ರ ಹೊರಿಸದೆ ಸಂಸ್ಥೆಯನ್ನೂ ಹೊಣೆಮಾಡಿತು. ಹೋದವರಲ್ಲಿ ಅನೇಕರಿಗೆ ಮರಳಿ ಪ್ರವೇಶ ದೊರೆಯಿತು. ಒಂದೇ ಶಿಕ್ಷೆಯೆಂಬ ನಿಯಮವನ್ನು ಅಲ್ಲಿ ಕೈಬಿಟ್ಟರು.

ವರ್ಜೀನಿಯದಲ್ಲಿ ಅಂಥ ಸಂದರ್ಭ ಬಂದದ್ದು ೨೦೦೧ ರಲ್ಲಿ. ಭೌತಶಾಸ್ತ್ರದ ಪ್ರಾಧ್ಯಾಪಕ ಲೂಯಿ ಬ್ಲೂಮ್‌ಫೀಲ್ಡ್ ನಿತ್ಯಜೀವನದ ವಸ್ತುಗಳು ಹೇಗೆ ಕೆಲಸಮಾಡುತ್ತವೆಂಬುದನ್ನು ಕುರಿತು ಬಲು ಜನಪ್ರಿಯವಾದ ಪಾಠಮಾಲೆಯೊಂದನ್ನು ನಡೆಸುತ್ತಿದ್ದರು. ಕೆಲವರು ಹಳೆಯ ಪ್ರಬಂಧಗಳನ್ನು ನಕಲುಮಾಡಿ ಒಪ್ಪಿಸುತ್ತಿದ್ದಾರೆಂದು ವಿದ್ಯಾರ್ಥಿನಿಯೊಬ್ಬಳು ದೂರಿತ್ತ ಮೇಲೆ, ಅವರು ಕಂಪ್ಯೂಟರಿಗೆ ಒಂದು ಕ್ರಮವಿಧಿಯನ್ನು ಬರೆದು, ಎರಡು ಪ್ರಬಂಧಗಳಲ್ಲಿ ಆರು ಪದಗಳು ಅದೇ ಅನುಕ್ರಮದಲ್ಲಿ ಎಲ್ಲೆಲ್ಲಿ ಬರುತ್ತವೆಂದು ಹಲವು ಅರ್ಧವರ್ಷಗಳ ಪ್ರಬಂಧಗಳನ್ನೆಲ್ಲ ಹೋಲಿಸಿ ನೋಡಿದರು. ನೂರಕ್ಕೂ ಹೆಚ್ಚು ಹೆಸರುಗಳು ವಿದ್ಯಾರ್ಥಿಗಳ ಮಾನಸಮಿತಿಯ ಮುಂದೆ ಬಂದುವು. ವಿಚಾರಣೆಗಳು ಒಂದು ವರ್ಷವನ್ನೂ ಮೀರಿ ನಡೆದು, ಕೊನೆಗೆ ನಾಲ್ವತ್ತಕ್ಕೂ ಹೆಚ್ಚು ಮಂದಿ ತಪ್ಪೊಪ್ಪಿ ಹೊರಟುಹೋದರು ಅಥವಾ ಹೊರಹಾಕಲ್ಪಟ್ಟರು. ಆಗಲೇ ಪದವಿ ಪಡೆದು ಹೋಗಿದ್ದ ಕೆಲವರ ಪದವಿಯೂ ರದ್ದಾಯಿತು. ಪರೀಕ್ಷಾಮಂದಿರದಿಂದ ಹೊರಗೆ ಕಳುಹಿಸಿದ್ದ ಕಾವಲುಗಾರನು ಯಂತ್ರದ ರೂಪದಲ್ಲಿ ಮರಳಿ ಬಂದನೆಂದರೆ ತಪ್ಪಾಗದು.

ಇದಾದ ಮೇಲೆ ಆ ಒಂದೇ ಶಿಕ್ಷೆಯ ನ್ಯಾಯ ಅನ್ಯಾಯಗಳ ಚರ್ಚೆ ಬಲವಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಬಹಿಷ್ಕೃತನಾದ ತೋಟದ ಒಡೆಯನ ಮಗನು ತನ್ನ ತೋಟಕ್ಕೆ ಹಿಂತಿರುಗುತ್ತಿದ್ದನು. ಸಾಲಮಾಡಿ ಓದಲು ಬಂದ ಬಡವನಿಗೂ, ಪರದೇಶದಿಂದ ಬಂದು ಓದು ನಿಂತೊಡನೆ ದೇಶ ಬಿಡಬೇಕಾದವನಿಗೂ ಅದೇ ಬಹಿಷ್ಕಾರವು ಬೇರೆ ಅರ್ಥವುಳ್ಳದ್ದು. ಪರದೇಶದ ವಿದ್ಯಾರ್ಥಿಗಳ ಮತ್ತು ಬಿಳಿಯರಲ್ಲದವರ ಮೇಲೆ ಅವರ ಸಂಖ್ಯೆಗೆ ಮೀರಿ ದೂರುಗಳು ಬರುತ್ತಿದ್ದುವೆಂಬುದು ಸಮಿತಿಯ ಅಂಕಿಅಂಶಗಳಿಂದಲೇ ತಿಳಿಯಿತು. ಇನ್ನೊಂದು ತೊಡಕು ಶಿಕ್ಷೆಯ ಭಾರದಿಂದಲೇ ಹುಟ್ಟಿದುದು. ಒಂದು ಪ್ರಬಂಧದ ಎರಡು ಪರಿಚ್ಛೇದಗಳಿಗಾಗಿ ಜೊತೆಯವನ ಬಾಳನ್ನೇ ಕೆಡಿಸಲು ಮನಸ್ಸು ಬಾರದೆ ವಿದ್ಯಾರ್ಥಿಗಳು ದೂರುಕೊಡಲು ಹಿಂಜರಿದರು. ಪಂಚರಾಗಿ ಕುಳಿತವರು ಅಪರಾಧ ಕಂಡರೂ ಅದು ದೊಡ್ಡದಲ್ಲವೆಂದು ಬಿಟ್ಟುಬಿಡಬಹುದಾಗಿತ್ತು. ಹೀಗೆ, ಮಾನದ ಮುಖವನ್ನು ತಿರುಗಿಸಿದ ೧೮೪೨ ರ ಒಪ್ಪಂದವು ಸದ್ದಿಲ್ಲದೆ ೧೮೨೫ ರ ಸ್ಥಿತಿಗೆ ಮರಳುತ್ತಿದ್ದಿತು: ಜೊತೆಗಾರನನ್ನು ಹಿಡಿದುಕೊಡುವುದಕ್ಕಿಂತ ಬಾಯಿ ಮುಚ್ಚಿಕೊಂಡಿರುವುದೇ ಮನುಷ್ಯತ್ವವೆನಿಸಿತು. ಶಿಕ್ಷೆಯ ಕಾಠಿಣ್ಯವೇ ನಂಬಿಕೆಯನ್ನು ಕಾಯುತ್ತದೆಂಬ ವಾದ ತಲೆಕೆಳಗಾದುದು ಇಲ್ಲಿ.

ಭಾರತದಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ೨೦೧೮ ರಲ್ಲಿ ಕೃತಿಚೌರ್ಯವನ್ನು ಕುರಿತು ಮಾಡಿದ ನಿಬಂಧನೆಗಳನ್ನು ಇದರೊಡನೆ ಹೋಲಿಸುವುದು ಉಪಯುಕ್ತ. ಅಲ್ಲಿ ಮಾನದ ಮಾತಿಲ್ಲ, ಪ್ರಮಾಣದ ಲೆಕ್ಕವಿದೆ. ಪ್ರೌಢಪ್ರಬಂಧದಲ್ಲಿ ಇತರರ ಬರಹದೊಡನೆ ಹೋಲಿಕೆ ನೂರಕ್ಕೆ ಹತ್ತರವರೆಗಿದ್ದರೆ ಶಿಕ್ಷೆಯಿಲ್ಲ. ಹತ್ತರ ಮೇಲೆ ನಾಲ್ವತ್ತರವರೆಗೆ, ಆರು ತಿಂಗಳೊಳಗಾಗಿ ತಿದ್ದಿ ಒಪ್ಪಿಸಬೇಕು. ಅರುವತ್ತರವರೆಗೆ, ಒಂದು ವರ್ಷ ಒಪ್ಪಿಸುವಂತಿಲ್ಲ. ಅದನ್ನು ಮೀರಿದರೆ ನೋಂದಣಿಯೇ ರದ್ದು. ಕೃತಿ ತನ್ನದೇ ಎಂದು ವಿದ್ಯಾರ್ಥಿಯು ಮುಚ್ಚಳಿಕೆ ಬರೆದುಕೊಡಬೇಕೆಂಬ ನಿಯಮವೂ ಇದೆ. ಟಕರನ ಪ್ರಮಾಣವಾಕ್ಯಕ್ಕೂ ಈ ಮುಚ್ಚಳಿಕೆಗೂ ಮಾತಿನಲ್ಲಿ ಅಷ್ಟು ದೂರವಿಲ್ಲ. ಆದರೆ ಮುಚ್ಚಳಿಕೆಯನ್ನು ಪಡೆದ ಕಚೇರಿಯೇ ಮರುಗಳಿಗೆಯಲ್ಲಿ ಪ್ರಬಂಧವನ್ನು ಯಂತ್ರದ ಪರೀಕ್ಷೆಗೆ ಒಡ್ಡುತ್ತದೆ. ನಂಬದವನಿಗೆ ಕೊಟ್ಟ ಭಾಷೆ ಕಡತದ ಒಂದು ಹಾಳೆಯಾಗಿ ಉಳಿಯುತ್ತದೆ. ಶಿಕ್ಷೆಯನ್ನು ತಪ್ಪಿನ ಅಳತೆಗೆ ಹೊಂದಿಸಿರುವುದು ಮಾತ್ರ ಇದರ ಗುಣವೆಂದು ಒಪ್ಪಬೇಕು; ವರ್ಜೀನಿಯಾ ಆ ಹೊಂದಿಕೆಗೆ ಬರಲು ಬಹಳ ಕಾಲ ಹಿಡಿಯಿತು.

೨೦೧೩ ರಲ್ಲಿ ಅಲ್ಲಿ ಮೊದಲನೆಯ ಸಡಿಲಿಕೆಯಾಯಿತು. ದೂರು ಬಂದ ಮೇಲೆಯೂ ತಪ್ಪನ್ನು ಒಪ್ಪಿಕೊಂಡವನು ಒಂದು ವರ್ಷ ಹೊರಗಿದ್ದು ಹಿಂತಿರುಗಬಹುದೆಂದು ಗೊತ್ತಾಯಿತು. ಒಂದೇ ಶಿಕ್ಷೆಯನ್ನು ತೆಗೆದುಹಾಕಬೇಕೆಂಬ ಸೂಚನೆ ೨೦೧೬ ರಲ್ಲಿ ವಿದ್ಯಾರ್ಥಿಗಳ ಮತಕ್ಕೆ ಬಂದು, ಬೇಕಾದ ಬಹುಮತಕ್ಕೆ ಸ್ವಲ್ಪದರಲ್ಲಿಯೇ ಕಡಮೆಯಾಗಿ ಬಿದ್ದುಹೋಯಿತು. ೨೦೨೨ ರಲ್ಲಿ ಮತವಿತ್ತವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಬಹಿಷ್ಕಾರಕ್ಕೆ ಬದಲಾಗಿ ಎರಡು ಅರ್ಧವರ್ಷಗಳ ದೂರವಿರುವಿಕೆಯನ್ನು ಒಪ್ಪಿದರು. ಮರುವರ್ಷ ಇನ್ನೂ ಮುಂದೆ ಹೋಗಿ, ತಪ್ಪಿಗೆ ತಕ್ಕಂತೆ ಬೇರೆಬೇರೆ ಶಿಕ್ಷೆಗಳನ್ನು ವಿಧಿಸಲು ಅವಕಾಶವಿರುವ ಹೊಸ ಸಂವಿಧಾನವನ್ನೇ ಅಂಗೀಕರಿಸಿದರು. ಅದೇ ೨೦೨೩ ರಲ್ಲಿ ದೇಶದ ಇನ್ನೊಂದು ಅಂಚಿನ ಸ್ಟ್ಯಾನ್‌ಫರ್ಡಿನಲ್ಲಿ, ಒಂದು ಶತಮಾನದ ಮೇಲೆ, ಮೇಲ್ವಿಚಾರಕರನ್ನು ಪರೀಕ್ಷಾಮಂದಿರದೊಳಕ್ಕೆ ಮರಳಿ ಬರಮಾಡುವ ಪ್ರಯೋಗಕ್ಕೆ ದಾರಿಯಾಯಿತು. ವರ್ಜೀನಿಯದ ವಿದ್ಯಾರ್ಥಿಗಳು ಶಿಕ್ಷೆಯನ್ನು ಬದಲಾಯಿಸಿದರೇ ಹೊರತು ವಿಚಾರಣೆಯ ಅಧಿಕಾರವನ್ನು ಪ್ರಾಧ್ಯಾಪಕರಿಗೆ ಬಿಟ್ಟುಕೊಡಲಿಲ್ಲ. ಬಹಿಷ್ಕಾರವೂ ಶಿಕ್ಷೆಗಳ ಪಟ್ಟಿಯಿಂದ ಪೂರ್ತಿಯಾಗಿ ಅಳಿಯಲಿಲ್ಲ. ಅದು ಇತರ ಶಿಕ್ಷೆಗಳ ಜೊತೆಯಲ್ಲಿ, ಪಟ್ಟಿಯ ಕೊನೆಯಲ್ಲಿ ಉಳಿಯಿತು.